ಎಂ. ಚಿನ್ನಸ್ವಾಮಿ

ಮಂಗಳಂ ಚಿನ್ನಸ್ವಾಮಿ ಮುದಲಿಯಾರ್ (ಮಾರ್ಚ್ 29, 1900 – ನವೆಂಬರ್ 8, 1991) ಅವರು ಕರ್ನಾಟಕದ ಪ್ರಸಿದ್ಧ ಕ್ರಿಕೆಟ್ ಆಡಳಿತಗಾರರು. ಎಂ. ಚಿನ್ನಸ್ವಾಮಿ ಎಂಬ ಹೆಸರಿನಿಂದಲೇ ಪರಿಚಿತರಾದ ಇವರು ವೃತ್ತಿಯಿಂದ ವಕೀಲರು. 1953ರಿಂದ 1978ರವರೆಗೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾಗಿ, 1978ರಿಂದ 1990ರವರೆಗೆ ಅದರ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. 1960ರಿಂದ 1965ರವರೆಗೆ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಕಾರ್ಯದರ್ಶಿಯಾಗಿಯೂ 1977ರಿಂದ 1980ರವರೆಗೆ ಅದರ ಅಧ್ಯಕ್ಷರಾಗಿಯೂ ಇದ್ದರು. ಬೆಂಗಳೂರಿನ ಎಂ. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಇವರ ಹೆಸರನ್ನೇ ಇಡಲಾಗಿದೆ. ಇವರು ಕಾರ್ಯದರ್ಶಿಯಾಗಿದ್ದ ಕಾಲದಲ್ಲಿಯೇ ಕರ್ನಾಟಕವು 1973–74ರಲ್ಲಿ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದುಕೊಂಡಿತು.

ಹಿನ್ನೆಲೆ ಮತ್ತು ವೃತ್ತಿ

ಚಿನ್ನಸ್ವಾಮಿಯವರು ಮಂಡ್ಯದವರು. ಕಾನೂನು ಅವರ ವೃತ್ತಿಯಾದರೆ ಕ್ರಿಕೆಟ್ ಅವರ ಜೀವನದ ಕಾರ್ಯವಾಯಿತು. ಆಟಗಾರನಾಗಿ ಹೆಸರು ಮಾಡಿ, ನಿವೃತ್ತಿಯ ನಂತರ ಆಡಳಿತಕ್ಕೆ ಬಂದವರ ಸಾಲಿಗೆ ಇವರು ಸೇರುವುದಿಲ್ಲ. ಸಂಸ್ಥೆಯನ್ನು ಕಟ್ಟುವುದು, ಪಂದ್ಯಗಳನ್ನು ಏರ್ಪಡಿಸುವುದು, ಸರ್ಕಾರದೊಡನೆ ವ್ಯವಹರಿಸುವುದು, ಆಟಕ್ಕೊಂದು ಶಾಶ್ವತ ನೆಲೆಯನ್ನು ಒದಗಿಸುವುದು ಇವೇ ಅವರ ಸಾಧನೆಯ ಕ್ಷೇತ್ರಗಳಾಗಿದ್ದವು.

ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯು 1933ರಲ್ಲಿ ಸ್ಥಾಪನೆಯಾಯಿತು. ಅದರ ಆರಂಭದ ಸದಸ್ಯರಲ್ಲಿ ಚಿನ್ನಸ್ವಾಮಿಯವರೂ ಒಬ್ಬರೆಂದು ಗುರುತಿಸಲಾಗುತ್ತದೆ. ರಾಜ್ಯವು 1973ರ ನವೆಂಬರ್ 1ರಂದು ಕರ್ನಾಟಕ ಎಂದು ಮರುನಾಮಕರಣಗೊಂಡ ಮೇಲೆ ಸಂಸ್ಥೆಯೂ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಎಂಬ ಹೆಸರನ್ನು ಪಡೆಯಿತು.

ರಣಜಿ ಟ್ರೋಫಿಯಲ್ಲಿ ಮೈಸೂರು

ಚಿನ್ನಸ್ವಾಮಿಯವರ ಕಾರ್ಯದ ಮಹತ್ವವನ್ನು ಅರಿಯಲು ಅಂದಿನ ಮೈಸೂರು ತಂಡದ ಸ್ಥಿತಿಯನ್ನು ತಿಳಿಯುವುದು ಅಗತ್ಯ. ರಣಜಿ ಟ್ರೋಫಿ ಭಾರತದ ರಾಜ್ಯ ಹಾಗೂ ಪ್ರಾಂತೀಯ ತಂಡಗಳ ನಡುವಿನ ರಾಷ್ಟ್ರೀಯ ಚಾಂಪಿಯನ್‌ಷಿಪ್. ಅದರ ಮೊಟ್ಟಮೊದಲ ಪಂದ್ಯವು 1934ರ ನವೆಂಬರ್ 4ರಂದು ಮದ್ರಾಸಿನ ಚೆಪಾಕ್ ಮೈದಾನದಲ್ಲಿ ಮೈಸೂರು ಮತ್ತು ಮದ್ರಾಸ್ ತಂಡಗಳ ನಡುವೆ ನಡೆಯಿತು. ಎರಡು ಇನಿಂಗ್ಸ್‌ಗಳಲ್ಲಿ ಮೈಸೂರು ಗಳಿಸಿದ್ದು 48 ಮತ್ತು 59 ರನ್. ಮದ್ರಾಸ್ 130 ರನ್ ಗಳಿಸಿತು. ಎ. ಜಿ. ರಾಮ್‌ಸಿಂಗ್ 35 ರನ್ ನೀಡಿ 11 ವಿಕೆಟ್ ಪಡೆದರು. ಪಂದ್ಯ ಒಂದೇ ದಿನದಲ್ಲಿ ಮುಗಿದು, ಮೈಸೂರು ಇನಿಂಗ್ಸ್ ಮತ್ತು 23 ರನ್‌ಗಳಿಂದ ಸೋತಿತು.

ಆ ಸೋಲಿನಿಂದ ಆರಂಭವಾದ ಮೈಸೂರಿನ ಪಯಣ ದೀರ್ಘವಾಗಿತ್ತು. ತಂಡವು 1941–42ರಲ್ಲಿ ಮೊದಲ ಬಾರಿಗೆ ಫೈನಲ್ ತಲುಪಿ ಬಾಂಬೆ ತಂಡಕ್ಕೆ ಸೋತಿತು. ಚಿನ್ನಸ್ವಾಮಿಯವರು ಕಾರ್ಯದರ್ಶಿಯಾದ ನಂತರ 1959–60ರಲ್ಲಿ ಮತ್ತೆ ಫೈನಲ್ ಪ್ರವೇಶಿಸಿದಾಗಲೂ ಎದುರಾದದ್ದು ಬಾಂಬೆಯೇ, ಸೋತದ್ದು ಮೈಸೂರೇ. 1958–59ರಿಂದ 1972–73ರವರೆಗೆ ಬಾಂಬೆ ತಂಡವು ಸತತವಾಗಿ 15 ಬಾರಿ ರಣಜಿ ಟ್ರೋಫಿಯನ್ನು ಗೆದ್ದಿತು.

ಸ್ಪರ್ಧೆಯ ಸ್ವರೂಪ

ಆರಂಭದ ವರ್ಷಗಳಲ್ಲಿ ರಣಜಿ ಪಂದ್ಯಗಳು ವಲಯದೊಳಗೂ ನಾಕೌಟ್ ಮಾದರಿಯಲ್ಲೇ ನಡೆಯುತ್ತಿದ್ದವು. ಒಂದು ಪಂದ್ಯ ಸೋತರೆ ಆ ವರ್ಷದ ಆಟ ಮುಗಿದಂತೆ. 1957–58ರಿಂದ ವಲಯ ಮಟ್ಟದಲ್ಲಿ ಲೀಗ್ ಪದ್ಧತಿ ಜಾರಿಗೆ ಬಂದಿತು. ದಕ್ಷಿಣ ವಲಯದಲ್ಲಿ ಮೈಸೂರು, ಮದ್ರಾಸ್, ಹೈದರಾಬಾದ್, ಆಂಧ್ರ ಮತ್ತು ಕೇರಳ ತಂಡಗಳು ಪರಸ್ಪರ ಆಡುತ್ತಿದ್ದವು. ಐದು ವಲಯಗಳ ವಿಜೇತ ತಂಡಗಳು ಮಾತ್ರ ನಾಕೌಟ್ ಹಂತಕ್ಕೆ ಅರ್ಹತೆ ಪಡೆಯುತ್ತಿದ್ದವು. 1970–71ರಿಂದ ಪ್ರತಿ ವಲಯದ ಮೊದಲ ಎರಡು ತಂಡಗಳಿಗೆ, ಅಂದರೆ ಒಟ್ಟು ಹತ್ತು ತಂಡಗಳಿಗೆ ಈ ಅವಕಾಶ ವಿಸ್ತರಿಸಿತು.

ಲೀಗ್ ಮುಗಿದ ಮೇಲೆ ಪ್ರಶಸ್ತಿಗಾಗಿ ಪ್ರತ್ಯೇಕ ಹಂತವನ್ನು ನಡೆಸುವ ಪದ್ಧತಿ ಇತರ ದೇಶಗಳ ಕ್ರೀಡೆಗಳಲ್ಲಿಯೂ ಇದೆ. ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ಎರಡು ಪ್ರಮುಖ ಲೀಗ್‌ಗಳನ್ನು 1969ರಲ್ಲಿ ವಿಭಾಗಗಳಾಗಿ ಒಡೆದಾಗ, ವಿಭಾಗ ವಿಜೇತರ ನಡುವೆ ಲೀಗ್ ಚಾಂಪಿಯನ್‌ಷಿಪ್ ಸರಣಿ ಆರಂಭವಾಯಿತು. ಅದು ಮೊದಲು ಐದು ಪಂದ್ಯಗಳ ಸರಣಿಯಾಗಿದ್ದು, 1985ರಿಂದ ಏಳು ಪಂದ್ಯಗಳಿಗೆ ವಿಸ್ತರಿಸಿತು. ಅಲ್ಲಿ ಒಂದು ಪಂದ್ಯ ಸೋತ ತಂಡಕ್ಕೆ ಮರುದಿನ ಚೇತರಿಸಿಕೊಳ್ಳುವ ಅವಕಾಶವಿರುತ್ತದೆ. ರಣಜಿ ಟ್ರೋಫಿಯ ನಾಕೌಟ್ ಹಂತದಲ್ಲಿ ಹಾಗಿಲ್ಲ. ಹಲವು ದಿನಗಳ ಒಂದೇ ಪಂದ್ಯದಲ್ಲಿ ಫಲಿತಾಂಶ ನಿರ್ಧಾರವಾಗಬೇಕು. ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದ ತಂಡ ಮುಂದಿನ ಹಂತಕ್ಕೆ ಹೋಗುತ್ತದೆ. ಆದ್ದರಿಂದ ಮೊದಲ ಇನಿಂಗ್ಸ್‌ನ ಪ್ರತಿಯೊಂದು ರನ್ನಿಗೂ ಬೆಲೆ ಹೆಚ್ಚು. ತವರಿನ ಮೈದಾನ ಮತ್ತು ಪರಿಚಿತ ಪಿಚ್ ಇಂತಹ ಪಂದ್ಯದಲ್ಲಿ ತಂಡಕ್ಕೆ ಬಲವಾಗಿ ಪರಿಣಮಿಸುತ್ತವೆ.

ಸಂಸ್ಥೆಯ ಕಾರ್ಯದರ್ಶಿಯಾಗಿ

1953ರಲ್ಲಿ ಚಿನ್ನಸ್ವಾಮಿಯವರು ಕಾರ್ಯದರ್ಶಿಯಾದಾಗ ಕನ್ನಡ ನಾಡು ಇನ್ನೂ ಒಂದಾಗಿರಲಿಲ್ಲ. ಹರಿಹರದ ಬಳಿ ತುಂಗಭದ್ರಾ ನದಿಯೇ ಮೈಸೂರು ರಾಜ್ಯದ ಗಡಿಯಾಗಿತ್ತು. ಆಚೆ ದಡದ ರಾಣೆಬೆನ್ನೂರು ತಾಲ್ಲೂಕು ಧಾರವಾಡ ಜಿಲ್ಲೆಗೆ ಸೇರಿದ್ದು, ಬಾಂಬೆ ರಾಜ್ಯದ ಆಡಳಿತದಲ್ಲಿತ್ತು. 1956ರ ನವೆಂಬರ್ 1ರಂದು ಏಕೀಕರಣವಾದ ಮೇಲೆ ಹರಿಹರ ಮತ್ತು ದಾವಣಗೆರೆ ಗಡಿಯಂಚಿನ ಊರುಗಳಾಗಿ ಉಳಿಯದೆ ವಿಸ್ತೃತ ರಾಜ್ಯದ ನಡುಭಾಗದ ಊರುಗಳಾದವು. ರಾಜ್ಯ ತಂಡವು ಪ್ರತಿನಿಧಿಸಬೇಕಾದ ನಾಡೂ ಅಷ್ಟರ ಮಟ್ಟಿಗೆ ವಿಸ್ತಾರವಾಯಿತು.

ಆ ಕಾಲದಲ್ಲಿ ಮೈಸೂರು ತಂಡದ ಬೆಂಗಳೂರಿನ ಪಂದ್ಯಗಳು ಸೆಂಟ್ರಲ್ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದವು. ಅದು ಕಾಲೇಜಿನ ಮೈದಾನವೇ ಹೊರತು ಸಂಸ್ಥೆಯ ಸ್ವಂತ ನೆಲೆಯಲ್ಲ. ಜಿಲ್ಲೆಗಳಲ್ಲಿ ಮ್ಯಾಟಿಂಗ್ ಹಾಸಿದ ಪಿಚ್‌ಗಳೇ ಸಾಮಾನ್ಯವಾಗಿದ್ದವು. ಮದ್ರಾಸ್, ಕಲ್ಕತ್ತಾ, ಬಾಂಬೆ, ದೆಹಲಿ ಮತ್ತು ಕಾನ್ಪುರಗಳಲ್ಲಿ ಟೆಸ್ಟ್ ಪಂದ್ಯಗಳು ನಡೆಯುತ್ತಿದ್ದರೂ ಬೆಂಗಳೂರಿಗೆ ಆ ಭಾಗ್ಯ ದೊರೆತಿರಲಿಲ್ಲ.

ಇದೇ ಅವಧಿಯಲ್ಲಿ ರಾಜ್ಯದ ಆಟಗಾರರು ಒಬ್ಬೊಬ್ಬರಾಗಿ ರಾಷ್ಟ್ರೀಯ ತಂಡವನ್ನು ಸೇರತೊಡಗಿದರು. ಆಫ್ ಸ್ಪಿನ್ನರ್ ಇ. ಎ. ಎಸ್. ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಎಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಕೆಲವು ವರ್ಷ ಟೆಸ್ಟ್ ಕ್ರಿಕೆಟ್‌ನಿಂದ ದೂರವಿದ್ದ ಅವರು 1967ರಲ್ಲಿ ಮರಳಿ ತಂಡಕ್ಕೆ ಬಂದರು. ಬಿ. ಎಸ್. ಚಂದ್ರಶೇಖರ್ 1964ರ ಜನವರಿಯಲ್ಲಿ ಬಾಂಬೆಯಲ್ಲಿ ಟೆಸ್ಟ್ ಪ್ರವೇಶ ಮಾಡಿದರು. ಭದ್ರಾವತಿಯಲ್ಲಿ ಜನಿಸಿದ ಗುಂಡಪ್ಪ ವಿಶ್ವನಾಥ್ 1967–68ರಲ್ಲಿ ಆಂಧ್ರದ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ 230 ರನ್ ಗಳಿಸಿದರು. ತಂಡದಲ್ಲಿ ಪ್ರತಿಭೆಯ ಕೊರತೆ ಇರಲಿಲ್ಲ. ಕೊರತೆಯಿದ್ದದ್ದು ತನ್ನದೇ ಆದ ಮೈದಾನ.

ಕ್ರೀಡಾಂಗಣದ ನಿರ್ಮಾಣ

ಬೆಂಗಳೂರಿನಲ್ಲಿ ಸಂಸ್ಥೆಗೆ ಸ್ವಂತ ಕ್ರೀಡಾಂಗಣ ಇರಬೇಕೆಂಬ ಪ್ರಯತ್ನದಲ್ಲಿ ಚಿನ್ನಸ್ವಾಮಿಯವರ ಪಾತ್ರ ಪ್ರಮುಖವಾದುದು. ರಾಜ್ಯ ಸರ್ಕಾರದ ನೆರವಿನಿಂದ ಕಬ್ಬನ್ ಉದ್ಯಾನದ ಸಮೀಪ, ಮಹಾತ್ಮ ಗಾಂಧಿ ರಸ್ತೆಯ ಬಳಿ ಜಾಗ ದೊರೆಯಿತು. 1969ರ ಮೇ ತಿಂಗಳಲ್ಲಿ ಶಂಕುಸ್ಥಾಪನೆ ನಡೆದು, 1970ರಲ್ಲಿ ಕಾಮಗಾರಿ ಆರಂಭವಾಯಿತು. 1972–73ರ ಋತುವಿನಲ್ಲಿ ಅಲ್ಲಿ ಪ್ರಥಮ ದರ್ಜೆ ಪಂದ್ಯಗಳು ಪ್ರಾರಂಭವಾದವು. ಆಗ ಅದನ್ನು ಕೆ.ಎಸ್.ಸಿ.ಎ. ಕ್ರೀಡಾಂಗಣ ಎಂದು ಕರೆಯಲಾಗುತ್ತಿತ್ತು.

1974ರ ನವೆಂಬರ್ 22ರಂದು ಭಾರತ ಮತ್ತು ವೆಸ್ಟ್ ಇಂಡೀಸ್ ನಡುವಿನ ಪಂದ್ಯದೊಂದಿಗೆ ಬೆಂಗಳೂರು ಟೆಸ್ಟ್ ಕೇಂದ್ರವಾಯಿತು. ಮನ್ಸೂರ್ ಅಲಿ ಖಾನ್ ಪಟೌಡಿ ಭಾರತದ ನಾಯಕರಾಗಿದ್ದರು. ವೆಸ್ಟ್ ಇಂಡೀಸ್ ಪರ ಕ್ಲೈವ್ ಲಾಯ್ಡ್ ಮೊದಲ ಬಾರಿಗೆ ನಾಯಕತ್ವ ವಹಿಸಿದರು. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಜೀವನವನ್ನು ಆರಂಭಿಸಿದ್ದು ಈ ಪಂದ್ಯದಲ್ಲಿಯೇ. ಭಾರತ ಆ ಪಂದ್ಯವನ್ನು ಸೋತಿತು. ಈ ಮೈದಾನದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು 1976–77ರಲ್ಲಿ ಟೋನಿ ಗ್ರೇಗ್ ನಾಯಕತ್ವದ ಇಂಗ್ಲೆಂಡ್ ವಿರುದ್ಧ ಬಂದಿತು.

1974ರ ಸೆಮಿಫೈನಲ್

ಟೆಸ್ಟ್ ಪಂದ್ಯಕ್ಕೂ ಕೆಲವು ತಿಂಗಳ ಮೊದಲು, 1974ರ ಮಾರ್ಚ್‌ನಲ್ಲಿ, ಇದೇ ಮೈದಾನದಲ್ಲಿ ನಡೆದ ರಣಜಿ ಸೆಮಿಫೈನಲ್ ಪಂದ್ಯವು ಕರ್ನಾಟಕ ಕ್ರಿಕೆಟ್‌ನ ಇತಿಹಾಸದಲ್ಲಿ ವಿಶಿಷ್ಟ ಸ್ಥಾನ ಪಡೆದಿದೆ. ಕರ್ನಾಟಕ ಎಂಬ ಹೆಸರಿನಲ್ಲಿ ತಂಡವು ಆಡಿದ ಮೊದಲ ಋತು ಅದಾಗಿತ್ತು. ಎದುರಾಳಿ 15 ವರ್ಷ ಸತತವಾಗಿ ಪ್ರಶಸ್ತಿ ಗೆದ್ದಿದ್ದ ಬಾಂಬೆ. ಅಜಿತ್ ವಾಡೇಕರ್ ಆ ತಂಡದ ನಾಯಕರಾಗಿದ್ದರು, ಸುನಿಲ್ ಗಾವಸ್ಕರ್ ಅದರ ಪ್ರಮುಖ ಬ್ಯಾಟ್ಸ್‌ಮನ್. ಕರ್ನಾಟಕದ ನಾಯಕತ್ವ ಪ್ರಸನ್ನ ಅವರದಾಗಿತ್ತು.

ವಿಶ್ವನಾಥ್ ಎದುರಿಸಿದ ಮೊದಲ ಎಸೆತಕ್ಕೇ ಬಾಂಬೆ ಆಟಗಾರರು ಎಲ್‌ಬಿಡಬ್ಲ್ಯು ಮನವಿ ಸಲ್ಲಿಸಿದರು. ಅಂಪೈರ್ ಔಟ್ ನೀಡಲಿಲ್ಲ. ಆ ನಂತರ ವಿಶ್ವನಾಥ್ 162 ರನ್ ಗಳಿಸಿದರು. ಬ್ರಿಜೇಶ್ ಪಟೇಲ್ 106 ರನ್ ಸೇರಿಸಿದರು. ಕರ್ನಾಟಕದ ಮೊದಲ ಇನಿಂಗ್ಸ್ ಮೊತ್ತ 385 ರನ್ ಆಯಿತು. ಉತ್ತರವಾಗಿ ಬ್ಯಾಟ್ ಮಾಡಿದ ಬಾಂಬೆಯ ಪರ ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಕಾಲು ಜಾರಿ ರನ್ ಔಟ್ ಆದದ್ದು ಪಂದ್ಯದ ತಿರುವಾಯಿತು. ಬಾಂಬೆ 307 ರನ್‌ಗಳಿಗೆ ಆಲೌಟ್ ಆಯಿತು. 78 ರನ್‌ಗಳ ಮೊದಲ ಇನಿಂಗ್ಸ್ ಮುನ್ನಡೆಯ ಆಧಾರದ ಮೇಲೆ ಕರ್ನಾಟಕ ಫೈನಲ್ ಪ್ರವೇಶಿಸಿತು.

ಜೈಪುರದಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕವು ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ಮೊದಲ ಬಾರಿಗೆ ಚಾಂಪಿಯನ್ ಆಯಿತು. 1934ರಲ್ಲಿ ಚೆಪಾಕ್‌ನಲ್ಲಿ ಒಂದೇ ದಿನದಲ್ಲಿ ಸೋತ ತಂಡಕ್ಕೆ ಪ್ರಶಸ್ತಿ ಕೈಸೇರಲು 40 ವರ್ಷ ಬೇಕಾಯಿತು. ಆ ಅವಧಿಯ ಕೊನೆಯ 21 ವರ್ಷ ಸಂಸ್ಥೆಯ ಕಾರ್ಯದರ್ಶಿಯ ಹೊಣೆ ಚಿನ್ನಸ್ವಾಮಿಯವರದಾಗಿತ್ತು.

ನಂತರದ ಫೈನಲ್‌ಗಳು

ಚಿನ್ನಸ್ವಾಮಿಯವರ ಅಧಿಕಾರಾವಧಿಯ ಉಳಿದ ವರ್ಷಗಳಲ್ಲಿ ಕರ್ನಾಟಕವು ಫೈನಲ್‌ಗೆ ಮತ್ತೆ ಮತ್ತೆ ತಲುಪಿತು. 1974–75ರ ಫೈನಲ್‌ನಲ್ಲಿ ಬಾಂಬೆ ಸೇಡು ತೀರಿಸಿಕೊಂಡಿತು. 1977–78ರಲ್ಲಿ ಉತ್ತರ ಪ್ರದೇಶವನ್ನು ಮೋಹನ್ ನಗರದಲ್ಲಿ ಇನಿಂಗ್ಸ್ ಅಂತರದಿಂದ ಸೋಲಿಸಿ ಕರ್ನಾಟಕ ಎರಡನೆಯ ಬಾರಿ ಪ್ರಶಸ್ತಿ ಪಡೆಯಿತು. ಮರುವರ್ಷ ಬೆಂಗಳೂರಿನಲ್ಲಿಯೇ ನಡೆದ ಫೈನಲ್‌ನಲ್ಲಿ ದೆಹಲಿ ಗೆದ್ದು ತನ್ನ ಮೊದಲ ಪ್ರಶಸ್ತಿಯನ್ನು ಸಂಪಾದಿಸಿತು. ತವರಿನ ಮೈದಾನ ಯಾವಾಗಲೂ ಗೆಲುವನ್ನು ತರುವುದಿಲ್ಲವೆಂಬುದಕ್ಕೆ ಆ ಪಂದ್ಯ ಸಾಕ್ಷಿಯಾಯಿತು.

1981–82ರಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನದಲ್ಲಿ ನಡೆದ ಫೈನಲ್ ಮೊದಲ ಇನಿಂಗ್ಸ್ ಮುನ್ನಡೆಯ ನಿಯಮದ ಕಠೋರತೆಯನ್ನು ತೋರಿಸಿಕೊಟ್ಟಿತು. ಕರ್ನಾಟಕ 705 ರನ್ ಗಳಿಸಿತು. ದೆಹಲಿಯು 8 ವಿಕೆಟ್ ಕಳೆದುಕೊಂಡು 707 ರನ್ ಗಳಿಸಿ, ಎರಡು ರನ್‌ಗಳ ಮುನ್ನಡೆಯಿಂದ ಟ್ರೋಫಿಯನ್ನು ಗೆದ್ದಿತು. ಮರುವರ್ಷ, 1982–83ರಲ್ಲಿ, ಬ್ರಿಜೇಶ್ ಪಟೇಲ್ ನಾಯಕತ್ವದ ಕರ್ನಾಟಕವು ಬಾಂಬೆಯನ್ನು ಅದರ ತವರಿನಲ್ಲಿಯೇ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಸೋಲಿಸಿ ಮೂರನೆಯ ಬಾರಿ ಚಾಂಪಿಯನ್ ಆಯಿತು.

ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯಲ್ಲಿ

ಚಿನ್ನಸ್ವಾಮಿಯವರು 1960ರಲ್ಲಿ ಮಂಡಳಿಯ ಕಾರ್ಯದರ್ಶಿಯಾಗಿ ಅಧಿಕಾರ ವಹಿಸಿಕೊಂಡರು. ಅವರ ಅವಧಿಯಲ್ಲಿ 1961–62ರಿಂದ ವಲಯ ತಂಡಗಳ ನಡುವಿನ ದುಲೀಪ್ ಟ್ರೋಫಿ ಆರಂಭವಾಯಿತು. ಅದೇ ಋತುವಿನಲ್ಲಿ ನಾರಿ ಕಂಟ್ರಾಕ್ಟರ್ ನಾಯಕತ್ವದ ಭಾರತವು ಇಂಗ್ಲೆಂಡ್ ವಿರುದ್ಧ ಮೊದಲ ಬಾರಿಗೆ ಟೆಸ್ಟ್ ಸರಣಿಯನ್ನು 2–0 ಅಂತರದಿಂದ ಗೆದ್ದಿತು. ಆನಂತರದ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಕಂಟ್ರಾಕ್ಟರ್ ತಲೆಗೆ ಚೆಂಡು ಬಡಿದು ತೀವ್ರವಾಗಿ ಗಾಯಗೊಂಡಾಗ, 21 ವರ್ಷದ ಪಟೌಡಿ ಭಾರತದ ನಾಯಕರಾದರು.

1977ರಲ್ಲಿ ಚಿನ್ನಸ್ವಾಮಿಯವರು ಮಂಡಳಿಯ ಅಧ್ಯಕ್ಷರಾದರು. ಆಸ್ಟ್ರೇಲಿಯಾದ ಉದ್ಯಮಿ ಕೆರಿ ಪ್ಯಾಕರ್ ಅವರ ವರ್ಲ್ಡ್ ಸೀರೀಸ್ ಕ್ರಿಕೆಟ್‌ನಿಂದಾಗಿ ಜಗತ್ತಿನ ಕ್ರಿಕೆಟ್ ಮಂಡಳಿಗಳು ಗೊಂದಲಕ್ಕೊಳಗಾಗಿದ್ದ ಕಾಲ ಅದು. 1977–78ರಲ್ಲಿ ಬಿಷನ್ ಸಿಂಗ್ ಬೇಡಿ ನಾಯಕತ್ವದ ಭಾರತ ಆಸ್ಟ್ರೇಲಿಯಾ ಪ್ರವಾಸ ಕೈಗೊಂಡು ಟೆಸ್ಟ್ ಸರಣಿಯನ್ನು 2–3 ಅಂತರದಿಂದ ಸೋತಿತು. 1978ರಲ್ಲಿ ಭಾರತ ತಂಡ ಪಾಕಿಸ್ತಾನಕ್ಕೆ ತೆರಳಿತು. 1960–61ರ ನಂತರ ಎರಡು ದೇಶಗಳು ಟೆಸ್ಟ್ ಪಂದ್ಯಗಳಲ್ಲಿ ಮುಖಾಮುಖಿಯಾದದ್ದು ಅದೇ ಮೊದಲು. ಮಂಡಳಿಯ ಸುವರ್ಣ ಮಹೋತ್ಸವದ ಅಂಗವಾಗಿ 1980ರ ಫೆಬ್ರುವರಿಯಲ್ಲಿ ಬಾಂಬೆಯಲ್ಲಿ ಇಂಗ್ಲೆಂಡ್ ವಿರುದ್ಧ ಒಂದು ಟೆಸ್ಟ್ ಪಂದ್ಯ ನಡೆಯಿತು. ಆ ಪಂದ್ಯದಲ್ಲಿ ಭಾರತದ ನಾಯಕರಾಗಿದ್ದವರು ಕರ್ನಾಟಕದ ವಿಶ್ವನಾಥ್. ಅಂತರರಾಷ್ಟ್ರೀಯ ಕ್ರಿಕೆಟ್ ಸಮಾವೇಶದ ಸಭೆಗಳಲ್ಲಿಯೂ ಚಿನ್ನಸ್ವಾಮಿಯವರು ಭಾರತವನ್ನು ಪ್ರತಿನಿಧಿಸಿದ್ದರು.

ನಿಧನ ಮತ್ತು ಸ್ಮರಣೆ

1990ರಲ್ಲಿ ರಾಜ್ಯ ಸಂಸ್ಥೆಯ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದ ಚಿನ್ನಸ್ವಾಮಿಯವರು 1991ರ ನವೆಂಬರ್ 8ರಂದು ತಮ್ಮ 91ನೆಯ ವಯಸ್ಸಿನಲ್ಲಿ ನಿಧನರಾದರು. ಕಾರ್ಯದರ್ಶಿ ಮತ್ತು ಅಧ್ಯಕ್ಷರಾಗಿ ಅವರ ಒಟ್ಟು ಸೇವಾವಧಿ 37 ವರ್ಷ.

ಕೆ.ಎಸ್.ಸಿ.ಎ. ಕ್ರೀಡಾಂಗಣಕ್ಕೆ ಅವರ ಗೌರವಾರ್ಥ ಎಂ. ಚಿನ್ನಸ್ವಾಮಿ ಕ್ರೀಡಾಂಗಣ ಎಂದು ಹೆಸರಿಡಲಾಯಿತು. 1996ರ ಮಾರ್ಚ್ 9ರಂದು ಭಾರತ ಮತ್ತು ಪಾಕಿಸ್ತಾನದ ನಡುವಿನ ವಿಶ್ವಕಪ್ ಕ್ವಾರ್ಟರ್‌ಫೈನಲ್ ಇಲ್ಲಿ ಹೊನಲು ಬೆಳಕಿನಲ್ಲಿ ನಡೆದು, ಭಾರತ 39 ರನ್‌ಗಳಿಂದ ಗೆದ್ದಿತು. 2008ರ ಏಪ್ರಿಲ್ 18ರಂದು ಇಂಡಿಯನ್ ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯವೂ ಇಲ್ಲಿಯೇ ಜರುಗಿತು.

ದಾವಣಗೆರೆ ಮತ್ತು ರಣಜಿ ಟ್ರೋಫಿ

ಹತ್ತಿಯ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆ ಮತ್ತು ಕಿರ್ಲೋಸ್ಕರ್ ಕಾರ್ಖಾನೆಯಿಂದ ಬೆಳೆದ ಹರಿಹರ ಚಿನ್ನಸ್ವಾಮಿಯವರ ಜೀವಿತಾವಧಿಯಲ್ಲಿ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. 1997ರ ಆಗಸ್ಟ್ 15ರಂದು ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿರುವ ಈ ಅವಳಿ ಊರುಗಳ ಯುವಕರಿಗೆ ರಾಜ್ಯ ತಂಡದ ಬಾಗಿಲು ಬೆಂಗಳೂರಿನಲ್ಲಿತ್ತು.

ದಾವಣಗೆರೆಯಲ್ಲಿ 1984ರಲ್ಲಿ ಜನಿಸಿದ ವೇಗದ ಬೌಲರ್ ಆರ್. ವಿನಯ್ ಕುಮಾರ್ ಈ ದಾರಿಯಲ್ಲಿ ಸಾಗಿ ಭಾರತ ತಂಡವನ್ನು ಸೇರಿದರು. ದಾವಣಗೆರೆ ಎಕ್ಸ್‌ಪ್ರೆಸ್ ಎಂದು ಹೆಸರಾದ ಅವರ ನಾಯಕತ್ವದಲ್ಲಿ ಕರ್ನಾಟಕ 2013–14 ಮತ್ತು 2014–15ರಲ್ಲಿ ಸತತ ಎರಡು ಬಾರಿ ರಣಜಿ ಟ್ರೋಫಿಯನ್ನು ಗೆದ್ದಿತು. ಮೊದಲನೆಯ ಬಾರಿ ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು ಏಳು ವಿಕೆಟ್‌ಗಳಿಂದ ಸೋಲಿಸಿತು.

2015ರ ಫೆಬ್ರುವರಿಯಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 1974ರ ಸೆಮಿಫೈನಲ್ ಮರುಕಳಿಸಿದಂತಾಯಿತು. ಎದುರಾಳಿ ಮತ್ತೆ ಮುಂಬಯಿಯೇ. ಮೊದಲು ಬ್ಯಾಟ್ ಮಾಡಿದ ಕರ್ನಾಟಕ ಕೇವಲ 202 ರನ್ ಗಳಿಸಿತು. ವಿನಯ್ ಕುಮಾರ್ 20 ರನ್ ನೀಡಿ 6 ವಿಕೆಟ್ ಪಡೆದುದರಿಂದ ಮುಂಬಯಿ 44 ರನ್‌ಗಳಿಗೆ ಆಲೌಟ್ ಆಯಿತು. ಎರಡನೆಯ ಇನಿಂಗ್ಸ್‌ನಲ್ಲಿ ಕರ್ನಾಟಕ 286 ಮತ್ತು ಮುಂಬಯಿ 332 ರನ್ ಗಳಿಸಿದವು. ಕರ್ನಾಟಕ 112 ರನ್‌ಗಳಿಂದ ಗೆದ್ದಿತು. ಮುಂಬಯಿಯ ವಾಂಖೆಡೆ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ಕರುಣ್ ನಾಯರ್ 328 ರನ್ ಗಳಿಸಿದರು, ವಿನಯ್ ಕುಮಾರ್ ಶತಕದೊಂದಿಗೆ ಐದು ವಿಕೆಟ್‌ಗಳನ್ನೂ ಪಡೆದರು. ತಮಿಳುನಾಡು ಇನಿಂಗ್ಸ್ ಮತ್ತು 217 ರನ್‌ಗಳಿಂದ ಸೋತಿತು. ಇದರೊಂದಿಗೆ ಕರ್ನಾಟಕದ ರಣಜಿ ಪ್ರಶಸ್ತಿಗಳ ಸಂಖ್ಯೆ ಎಂಟಕ್ಕೆ ಏರಿತು.

2009ರಲ್ಲಿ ರಾಜ್ಯ ಸಂಸ್ಥೆಯು ಆರಂಭಿಸಿದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ದಾವಣಗೆರೆಯ ಹೆಸರಿನ ತಂಡವೂ ಇತ್ತು. ಮೊದಲ ಸೆಮಿಫೈನಲ್‌ನಲ್ಲಿ ಆಡಿದ ಪ್ರತಿಭೆಗಳಾಗಲಿ, 2015ರಲ್ಲಿ ದಾವಣಗೆರೆಯಿಂದ ಬಂದ ನಾಯಕರಾಗಲಿ ಪ್ರಶಸ್ತಿಗಾಗಿ ಹೋರಾಡಿದ ನೆಲ ಒಂದೇ. ಮಂಡ್ಯದಿಂದ ಬಂದ ವಕೀಲರೊಬ್ಬರ ಕಾಲದಲ್ಲಿ ರಾಜ್ಯ ತಂಡಕ್ಕೆ ದೊರೆತ ಆ ಸ್ವಂತ ಮೈದಾನ ಇಂದಿಗೂ ಅವರ ಹೆಸರನ್ನು ಹೊತ್ತಿದೆ.